ಮೂರನೆಯ ನೀರು

ನಮ್ಮ ಲಾಂಡ್ರಿಯಲ್ಲಿ ಒಗೆಯುವವರಿಗೆ ಒಂದು ಬಾಗಿಲು, ಮಡಚುವವರಿಗೆ ಇನ್ನೊಂದು. ನಡುವೆ ಒಣಗಿಸುವ ಯಂತ್ರಗಳ ಸಾಲು ಗೋಡೆಯ ಹಾಗೆ ನಿಂತಿದೆ. ಆ ಕಡೆಯವರ ಕಾಲು ದಿನವೆಲ್ಲ ನೀರಿನಲ್ಲಿ, ಈ ಕಡೆಯವರ ಮೂಗು ದಿನವೆಲ್ಲ ನೂಲಿನ ಧೂಳಿನಲ್ಲಿ. ನಾನು ಈ ಕಡೆಯವಳು. ಆಸ್ಪತ್ರೆಯಿಂದ ಬಂದ ಚಾದರ, ದಿಂಬಿನ ಚೀಲ, ರೋಗಿಗಳ ಅಂಗಿ, ಹಸುಗೂಸುಗಳನ್ನು ಸುತ್ತುವ ಬಟ್ಟೆ, ಇವನ್ನೆಲ್ಲ ಮಡಚಿ ಕಟ್ಟು ಕಟ್ಟಬೇಕು. ಯಾವ ವಾರ್ಡು, ಯಾವ ದಿನ ಒಗೆದದ್ದು ಎಂದು ಚೀಟಿ ಬರೆದು ಸಿಕ್ಕಿಸಬೇಕು. ನಾಲ್ಕು ಅಕ್ಷರ ಬರುತ್ತದೆ ಎಂಬ ಕಾರಣಕ್ಕೆ ನನಗೆ ಸಿಕ್ಕಿದ ಒಣ ಕೆಲಸ ಇದು. ಪ್ರತಿ ಕಟ್ಟಿನ ಮೇಲೂ ಒಂದು ಗಳಿಗೆ ಅಂಗೈ ಇಟ್ಟು, ಇದರ ಮೇಲೆ ಮಲಗುವವರನ್ನು ಕಾಯಪ್ಪಾ ಎಂದು ದೇವರನ್ನು ಕೇಳಿಕೊಳ್ಳುವುದು ನನ್ನ ರೂಢಿ. ಅದಕ್ಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ.

ಆ ಕಡೆ ಏಳು ಜನ ಹೆಂಗಸರು. ಮಧ್ಯಾಹ್ನ ಊಟಕ್ಕೆ ಕೂತಾಗ ಅವರ ಕೈ ನೋಡಬೇಕು. ಬೆರಳ ಸಂದಿಯಲ್ಲೆಲ್ಲ ಬಿರುಕು. ಉಗುರಿನ ಬುಡ ಕೆಂಪು. ಅಂಗೈ ಬೇಯಿಸಿ ತೆಗೆದ ಹಾಗೆ ಬಿಳಿಚಿಕೊಂಡಿರುತ್ತಿತ್ತು. ಉಪ್ಪು ತಾಕಿದರೆ ಪ್ರಾಣ ಹೋದ ಹಾಗೆ. ಅದಕ್ಕೇ ಅವರಲ್ಲಿ ಕುಳ್ಳಿ ಎನ್ನುವವಳು ಚಮಚದಲ್ಲಿ ತಿನ್ನುತ್ತಿದ್ದಳು. "ದೊಡ್ಡ ಮನೆತನದವಳು ಕಣ್ರೇ ನಾನು, ಅನ್ನಾನ ಕೈಯಲ್ಲಿ ಮುಟ್ಟಲ್ಲ" ಎಂದು ಎಲ್ಲರನ್ನೂ ನಗಿಸುತ್ತಿದ್ದಳು. ಗೋಡೆಯ ಮೇಲೆ ಒಂದು ಚಿತ್ರ ಅಂಟಿಸಿದ್ದರು. ಅದರಲ್ಲಿ ಒಬ್ಬ ಹೆಂಗಸು ಮೊಣಕೈವರೆಗೆ ರಬ್ಬರಿನ ಕೈಗವಸು ಹಾಕಿಕೊಂಡು ನಗುತ್ತ ನಿಂತಿದ್ದಳು. ನಮ್ಮ ಲಾಂಡ್ರಿಯಲ್ಲಿ ಕೈಗವಸು ಇದ್ದದ್ದು ಅವಳೊಬ್ಬಳಿಗೇ.

ಆ ಏಳು ಜನರಲ್ಲಿ ಹಿರಿಯಳು ಸೋಪಕ್ಕ. ಹೆತ್ತವರು ಇಟ್ಟ ಹೆಸರಿನಿಂದ ಕರೆದರೆ ಅವಳೇ ತಿರುಗಿ ನೋಡುತ್ತಿರಲಿಲ್ಲ. ಯಾವ ಬಟ್ಟೆಯನ್ನು ಮೂಗಿಗೆ ಹಿಡಿದರೂ ಅದನ್ನು ಯಾವ ಸೋಪಿನಲ್ಲಿ ಒಗೆದಿದ್ದಾರೆ ಎಂದು ಹೇಳಿಬಿಡುವಳು. ನಾನು ಕೆಲಸಕ್ಕೆ ಸೇರಿದ ದಿನ ನನ್ನ ಅಂಗಿಯ ತೋಳು ಹಿಡಿದು ಮೂಸಿ, "ಹಸಿರು ಬಾರ್ ಸೋಪು. ಸವೆದ ಚೂರನ್ನ ಹೊಸ ತುಂಡಿಗೆ ಮೆತ್ತಿ ಒಗೆದಿದ್ದೀಯ. ನಮ್ಮೋಳೇ ನೀನು" ಎಂದಿದ್ದಳು. ಅಂದಿನಿಂದ ನಾನು ಅವಳ ತಂಗಿ.

ಅವಳ ಮನೆ ಎಂದರೆ ಲಾಂಡ್ರಿಯ ಹಿಂದಿನ ಒಂದು ಕೋಣೆ. ಗಂಡ ಇಪ್ಪತ್ತೆರಡು ವರ್ಷ ಅಲ್ಲಿಯೇ ಬಾಯ್ಲರ್ ನೋಡಿಕೊಂಡವನು. ನಾವು ಅವನನ್ನು ಬಾಯ್ಲರ್ ಭಾವ ಎನ್ನುತ್ತಿದ್ದೆವು. ಒಂದು ದಿನ ಹಬೆಯ ಕೊಳವೆ ಬಿರುಕು ಬಿಟ್ಟು, ಏಣಿಯ ಮೇಲಿದ್ದವನು ಬೆನ್ನಡಿಯಾಗಿ ಬಿದ್ದ. ಸೊಂಟದ ಕೆಳಗೆ ಕಸುವು ಹೋಯಿತು. ಮಾಲೀಕರು ಬಂದು ನೋಡಿ, ತುಂಬ ನೊಂದುಕೊಂಡು, "ಸೋಪಕ್ಕ ಇಲ್ಲಿ ಕೆಲಸಕ್ಕೆ ಇರೋವರೆಗೂ ಈ ಕೋಣೇಲಿ ಇರಿ, ಬಾಡಿಗೆ ಬೇಡ" ಎಂದರು. ಆ ಮಾತು ಅಂದು ದಯೆಯ ಹಾಗೆ ಕೇಳಿಸಿತ್ತು. ಅದರೊಳಗೆ ಬೀಗವೂ ಇದೆ ಎಂಬುದು ಯಾರಿಗೂ ತೋಚಲಿಲ್ಲ.

ಭಾವನ ಮಂಚದ ತಲೆಗಡೆ ಒಂದು ಹಲಗೆ. ಬೇರೆಯವರು ದೇವರ ಪಟ ಇಡುವ ಎತ್ತರದಲ್ಲಿ ಸೋಪಕ್ಕ ಸೋಪುಗಳನ್ನು ಇಟ್ಟಿದ್ದಳು. ಕೆಲಸ ಮುಗಿಸಿ ಒಂದು ಗಳಿಗೆ ಅಲ್ಲಿ ಕೂತರೆ ಒಂದೊಂದನ್ನೇ ಇಳಿಸಿ ತೋರಿಸುವಳು.

"ಇದು ಹಳದಿ ಬಾರು ನೋಡು. ಮೊಳದುದ್ದ ಬರ್ತಿತ್ತು. ಅಂಗಡಿಯೋನು ದಾರ ಹಿಡಿದು ಕತ್ತರಿಸಿ ಕೊಡ್ತಿದ್ದ. ಕಾಲರಿನ ಕೊಳೆಗೆ ಇದನ್ನ ಬಿಟ್ರೆ ಇಲ್ಲ. ಇದು ಸೋಡಾ, ಕಲ್ಲುಸಕ್ಕರೆ ಅಂತ ನಮ್ಮತ್ತಿಗೆ ಬಾಯಿಗೆ ಹಾಕ್ಕೊಂಡಿದ್ಲು ಒಂದ್ಸಲ. ಇದು ಬಿಳಿಗಾರ, ಗಡಸು ನೀರಿಗೆ ಬುದ್ಧಿ ಹೇಳುತ್ತೆ. ಇದು ನೀಲಿ. ಮುದುಕಾದ ಬಿಳಿ ಬಟ್ಟೆಗೆ ಮತ್ತೆ ಪ್ರಾಯ ಬರಿಸುತ್ತೆ."

"ಹಂಗಾದ್ರೆ ನನ್ನೂ ಒಂದು ಬಕೆಟ್ ನೀಲಿಗೆ ಅದ್ದಬಾರದೇನೇ" ಎಂದು ಮಂಚದಿಂದ ಭಾವ ಕೇಳುವನು.

"ನಿಮಗೆ ನೀಲಿ ಸಾಲಲ್ಲ. ಗಂಜಿ ಹಾಕ್ಬೇಕು, ನೆಟ್ಟಗೆ ನಿಲ್ಲೋಕೆ."

ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ಅವನೇ.

ಹೊಸ ಕಾಲದ ವಸ್ತುಗಳ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. ಮುಚ್ಚಳದಲ್ಲಿ ಅಳೆದು ಹಾಕುವ ದ್ರವ, ಬಟ್ಟೆ ಮೆತ್ತಗಾಗಲು ಕೊನೆಗೆ ಸುರಿಯುವ ಗುಲಾಬಿ ನೀರು, ಮಿಠಾಯಿಯ ಹಾಗೆ ಮಿರುಗುವ ಸೋಪಿನ ಗುಳಿಗೆ, ಎಲ್ಲದರ ಖಾಲಿ ಪೊಟ್ಟಣವೂ ಆ ಹಲಗೆಯ ಮೇಲಿತ್ತು. ಆದರೆ ಅವಳಿಗೆ ಬಲು ಇಷ್ಟದ್ದು ಕಂದು ಬಣ್ಣದ ಒಂದು ಸಾದಾ ಬಾರು. ಅದಕ್ಕೆ ವಾಸನೆಯೇ ಇರಲಿಲ್ಲ.

"ವಾಸನೆ ಯಾಕಿಲ್ಲ ಗೊತ್ತಾ? ತನ್ನ ಕೆಲಸ ಮುಗಿಸಿ ಹೊರಟು ಹೋಗುತ್ತೆ ಇದು. ಕೊಳೆ ತೆಗೆಯೋದು ಯಾರಿಗೆ ಬೇಕಾದ್ರೂ ಬರುತ್ತೆ ತಂಗಿ. ಹಾಕಿದ ಸೋಪನ್ನ ಪೂರ್ತಿ ತೆಗೆಯೋದೇ ಕಸುಬು."

ಆ ಕಸುಬಿಗೆ ಅವಳ ಅತ್ತೆ ಕಲಿಸಿದ ಒಂದು ಕ್ರಮವಿತ್ತು. ಒಗೆದ ಬಟ್ಟೆಗೆ ಮೂರು ನೀರು ತೋರಿಸಬೇಕು. ಮೊದಲ ನೀರು ನೊರೆಗೆ, ಎರಡನೆಯದು ಜಾರಿಕೆಗೆ, ಮೂರನೆಯದು ಮೈಗೆ. ಆ ಮೂರನೆಯ ನೀರನ್ನು ಒಂದು ತೊಟ್ಟು ಬೆರಳಲ್ಲಿ ತೆಗೆದು ನಾಲಿಗೆಗೆ ಇಟ್ಟು ನೋಡಬೇಕು. ಸಪ್ಪೆ ಎನಿಸಿದರೆ ಬಟ್ಟೆ ಆಯಿತು. ಕಹಿಯೋ ಜಾರಿಕೆಯೋ ತಿಳಿದರೆ ಇನ್ನೊಂದು ನೀರು. ತಾವೇ ತಿರುಗಿ ಒಗೆಯುವ ದೊಡ್ಡ ಡ್ರಮ್ಮುಗಳು ಬಂದ ಮೇಲೂ ಅವಳು ಇದನ್ನು ಬಿಡಲಿಲ್ಲ. ನೀರು ಹೊರಹೋಗುವ ಕೊಳವೆಯ ಬಾಯಿಗೆ ಬೆರಳು ಒಡ್ಡಿ ನಾಲಿಗೆಗೆ ಮುಟ್ಟಿಸಿ, ತಲೆಯಾಡಿಸಿದರೆ ಮಾತ್ರ ಉಳಿದವರು ಬಾಗಿಲು ತೆಗೆಯುತ್ತಿದ್ದರು.

ಒಂದು ದಿನ ಲಾರಿಯಿಂದ ಹೊಸ ಮೂಟೆಗಳು ಇಳಿದವು. ಬರಿಯ ಬಿಳಿ ಚೀಲ. ಹೆಸರಿಲ್ಲ, ಚಿತ್ರವಿಲ್ಲ, ಎಷ್ಟು ನೀರಿಗೆ ಎಷ್ಟು ಪುಡಿ ಎಂಬುದಿಲ್ಲ. ಸೋಪಕ್ಕ ಚೀಲದ ಬಾಯಿ ಬಿಚ್ಚಿ ಮೂಸಿದಳು. ಹಿಂದೆ ಸರಿದು ಎರಡು ಸಲ ಸೀನಿದಳು.

"ಯಾವುದಕ್ಕಾ ಇದು?" ಎಂದಳು ಕುಳ್ಳಿ.

"ಗೊತ್ತಾಗ್ತಿಲ್ಲ ಕಣೇ."

ಆ ಮಾತು ಅವಳ ಬಾಯಲ್ಲಿ ಬಂದದ್ದನ್ನು ನಾವು ಅದುವರೆಗೆ ಕೇಳಿರಲಿಲ್ಲ.

"ಸೋಡಾ ಇದೆ, ಜಾಸ್ತಿನೇ ಇದೆ. ಸುಣ್ಣದ ಘಾಟೂ ಇದೆ. ಮತ್ತಿನ್ನೇನೋ ಇದೆ. ಅದಕ್ಕೆ ಹೆಸರು ಇಟ್ಟೋರು ಇಲ್ಲ."

ಆಗ ಬಂದವನು ಮೇಸ್ತ್ರಿ. ಯಾರನ್ನೂ ಹೆಸರು ಹಿಡಿದು ಕರೆಯದೆ ಸೀಟಿ ಹೊಡೆದೇ ಕರೆಯುತ್ತಿದ್ದುದರಿಂದ ಅವನಿಗೆ ಸೀಟಿ ಮೇಸ್ತ್ರಿ ಎನ್ನುತ್ತಿದ್ದೆವು. "ಹೆಸರು ಕಟ್ಕೊಂಡು ಏನ್ಮಾಡ್ತೀಯ? ಗಂಡು ನೋಡಬೇಕಾ ಅದಕ್ಕೆ? ಕೊಳೆ ಹೋದ್ರೆ ಸಾಕು" ಎಂದ.

ಕೊಳೆ ಹೋಗುತ್ತಿತ್ತು. ಡ್ರಮ್ಮಿಗೆ ಹಾಕುವ ಮೊದಲು ಪುಡಿ ಹಚ್ಚಿ ಬರಿಗೈಯಲ್ಲಿ ಉಜ್ಜಿದರೆ ರಕ್ತದ ಕಲೆಯೂ ಕ್ಷಣದಲ್ಲಿ ಹೋಗುತ್ತಿತ್ತು. ಅದೇ ವಾರ ಇನ್ನೊಂದು ಅಪ್ಪಣೆ ಬಂತು. ಇನ್ನು ಮೇಲೆ ಮೂರು ನೀರಿಲ್ಲ, ಒಂದೇ. ಆಸ್ಪತ್ರೆಯ ಲಾರಿ ದಿನಕ್ಕೆ ಎರಡು ಸಲ ತುಂಬಿ ಹೋಗಬೇಕು, ಹೊತ್ತು ಸಾಲದು. ಡ್ರಮ್ಮಿನ ಗುಂಡಿಗಳ ಮೇಲೆ ಮೇಸ್ತ್ರಿ ಒಂದು ತಗಡು ಬಡಿದು ಬೀಗ ಹಾಕಿಕೊಂಡ.

ಅಂದು ಸೋಪಕ್ಕ ಕೊಳವೆಗೆ ಬೆರಳು ಒಡ್ಡಿ ನಾಲಿಗೆಗೆ ಮುಟ್ಟಿಸಿದವಳು ಉಗುಳಿ ಉಗುಳಿ ಸಾಕಾದಳು. ನಾಲಿಗೆಯ ತುದಿ ಬೆಳ್ಳಗಾಗಿತ್ತು.

"ಮೇಸ್ತ್ರಿ, ಒಂದು ತೊಟ್ಟು ನೀವೇ ನೋಡಿ."

"ನಾನು ಊಟ ಮಾಡ್ಕೊಂಡೇ ಬಂದಿದ್ದೀನಿ."

"ತಮಾಷೆಯಲ್ಲ. ಪುಡಿ ಬಟ್ಟೇಲೇ ಉಳ್ಕೊಂಡಿದೆ. ದೊಡ್ಡೋರಿಗಾದ್ರೆ ನವೆ ಅಷ್ಟೆ. ಹಸುಗೂಸಿಗೆ ತಡೆಯಲ್ಲ."

"ನೀನು ಡಾಕ್ಟರಾ?"

"ಅಲ್ಲ. ಬಟ್ಟೆ ಒಗಿಯೋಳು."

"ಮತ್ತೆ? ಒಗಿ."

ಅದಾದ ಮೂರನೆಯ ದಿನ ಸೋಪಕ್ಕ ಒಂದು ಬಾಟ್ಲಿ ತಂದಳು. ವಿನೆಗರ್. ಸೋಡಾ ಹೆಚ್ಚಾದ ಬಟ್ಟೆಗೆ ಕೊನೆಯ ನೀರಿನಲ್ಲಿ ಸ್ವಲ್ಪ ಹುಳಿ ಬೆರೆಸಿದರೆ ಸೋಡಾ ಸೋಲುತ್ತದೆ ಎನ್ನುವುದು ಹಳೆಯ ಒಗೆಯುವವರೆಲ್ಲ ಬಲ್ಲ ಸಂಗತಿ. ಹುಳಿ ಬಟ್ಟೆಯಲ್ಲಿ ನಿಲ್ಲುವುದಿಲ್ಲ, ಒಣಗುವಾಗ ಹಾರಿಹೋಗುತ್ತದೆ. ಲಾಂಡ್ರಿಯ ಬಟ್ಟೆಗೆಲ್ಲ ಹಾಕುವ ಶಕ್ತಿ ಅವಳಿಗೆಲ್ಲಿಂದ ಬರಬೇಕು. ಹಸುಗೂಸುಗಳ ವಾರ್ಡಿನ ಡ್ರಮ್ಮಿಗೆ ಮಾತ್ರ, ಒಂದೇ ಒಂದು ನೀರು ತುಂಬುವಾಗ, ಅದರ ಮೇಲಿನ ಪುಡಿ ಹಾಕುವ ಗೂಡಿನಿಂದ ಅಳತೆ ಮಾಡಿ ಸುರಿಯುತ್ತಿದ್ದಳು. ಆಮೇಲೆ ಕೊಳವೆಗೆ ಬೆರಳು. ಆಮೇಲೆ ನಾಲಿಗೆ. ತಲೆಯಾಡಿಸುವಳು. ಆ ಬಟ್ಟೆ ನನ್ನ ಮೇಜಿಗೆ ಬಂದಾಗ ಕೈಗೆ ಮೆತ್ತಗೆ ತಾಕುತ್ತಿತ್ತು. ಉಳಿದ ಚಾದರಗಳು ಕಾಗದದ ಹಾಗೆ ಗರಗರ ಎನ್ನುತ್ತಿದ್ದವು.

"ಸಿಕ್ಕಿಬಿದ್ರೆ ಏನು ಗತಿ ಅಕ್ಕ?" ಎಂದು ಕೇಳಿದ್ದೆ.

"ಕದ್ದು ತಗೊಂಡು ಹೋದ್ರೆ ಸಿಕ್ಕಿಬೀಳ್ತಾರೆ. ತಂದು ಹಾಕೋರನ್ನ ಯಾರು ಹಿಡೀತಾರೆ?" ಎಂದಳು.

ಲೋಕದ ಬಗ್ಗೆ ಅವಳು ತಿಳಿದದ್ದು ಅಷ್ಟೇ. ಅವಳ ತಪ್ಪು ಎಂದರೆ ಅದೊಂದೇ.

ಒಂದು ಸೋಮವಾರ ಸೀಟಿ ಮೇಸ್ತ್ರಿ ಡ್ರಮ್ಮಿನ ಹಿಂದೆ ಬಾಟ್ಲಿ ಕಂಡ. ಮೂಸಿದ. ಕಂಕುಳಲ್ಲಿ ಇಟ್ಟುಕೊಂಡು ಹೋದ. ಸೋಪಕ್ಕ ಹಿಂದೆಯೇ ಹೋಗಿ ಆಫೀಸಿನ ಬಾಗಿಲಲ್ಲಿ ನಿಂತು ಕೇಳಿದಳು, ಬೇಡಿಕೊಂಡಳು. "ಲಾಂಡ್ರಿ ಒಳಗೆ ಹೊರಗಿನ ಸಾಮಾನು ತರಂಗಿಲ್ಲ" ಎಂಬ ಉತ್ತರ ಬಂತು. ಮಂಗಳವಾರದ ಬಟ್ಟೆ ಹುಳಿಯಿಲ್ಲದೆ, ಎರಡನೆಯ ನೀರಿಲ್ಲದೆ ನನ್ನ ಮೇಜಿಗೆ ಬಂತು. ಮಡಚಿದೆ. ಗರಗರ ಎಂದಿತು. ಚೀಟಿ ಬರೆದೆ. ಅಂಗೈ ಇಟ್ಟು ಕಾಯಪ್ಪಾ ಎಂದೆ. ಅಷ್ಟು ಹೊತ್ತಿಗೆ ಅಂಗೈಗೇ ನವೆ ಹತ್ತಿತ್ತು. ಕೈ ಒರೆಸಿಕೊಂಡು ಮುಂದಿನ ಕಟ್ಟು ಎಳೆದುಕೊಂಡೆ. ಅದನ್ನು ಈಗಲೂ ನೆನೆಯುತ್ತೇನೆ. ನವೆ ಹತ್ತಿತ್ತು, ನಾನು ಕೈ ಒರೆಸಿಕೊಂಡೆ.

ಗುರುವಾರ ಬೆಳಿಗ್ಗೆ ಆಸ್ಪತ್ರೆಯಿಂದ ಸ್ಟೋರ್ ನೋಡಿಕೊಳ್ಳುವವರು ಬಂದರು. ಕೈಯಲ್ಲಿ ನಾನು ಕಟ್ಟಿದ ಕಟ್ಟು. ಮೂರು ಮಕ್ಕಳ ಬೆನ್ನು, ತೊಡೆ ಕೆಂಡದ ಹಾಗೆ ಕೆಂಪಾಗಿದೆಯಂತೆ. ಒಂದರ ಚರ್ಮ ಎದ್ದಿದೆಯಂತೆ. ತಾಯಂದಿರು ದೂರು ಬರೆದಿದ್ದಾರಂತೆ. ಇಷ್ಟು ಸುದ್ದಿ ಆಫೀಸಿನಿಂದ ನಮ್ಮ ಕಡೆಗೆ ಬರಲು ಎಷ್ಟು ಹೊತ್ತು? ಡ್ರಮ್ಮುಗಳ ಸದ್ದಿನ ನಡುವೆಯೂ ಒಬ್ಬರಿಂದೊಬ್ಬರಿಗೆ ಹರಿದು ಬಂತು. ಸೋಪಕ್ಕ ಗೋಡೆಗೆ ಒರಗಿ ಕುಕ್ಕರುಗಾಲಲ್ಲಿ ಕೂತಳು.

ಮಧ್ಯಾಹ್ನದ ಹೊತ್ತಿಗೆ ಸೀಟಿ ಕೇಳಿಸಿತು. ಒಂದು ಸೋಪಕ್ಕನಿಗೆ, ಇನ್ನೊಂದು ನನಗೆ.

ಆಫೀಸಿನಲ್ಲಿ ಮಾಲೀಕರು ಕೂತಿದ್ದರು. ಗಟ್ಟಿಯಾಗಿ ಮಾತಾಡಿದವರಲ್ಲ ಅವರು. ಮೇಜಿನ ಮೇಲೆ ವಿನೆಗರಿನ ಬಾಟ್ಲಿ, ಪಕ್ಕದಲ್ಲಿ ಒಂದು ಕಾಗದ, ಮಸಿಯ ಡಬ್ಬಿ. ಆಸ್ಪತ್ರೆಯವರು ಕನ್ನಡಕ ಒರೆಸುತ್ತ ಕಿಟಕಿಯ ಹತ್ತಿರ ಇದ್ದರು.

"ಬಾಮ್ಮ, ಕೂತ್ಕೋ" ಎಂದರು ಮಾಲೀಕರು. ಅವಳು ಕೂರಲಿಲ್ಲ. ಒದ್ದೆ ಬಟ್ಟೆಯಲ್ಲಿ ಆ ಕುರ್ಚಿಯ ಮೇಲೆ ಹೇಗೆ ಕೂರುವುದು. "ಈ ಬಾಟ್ಲಿ ನಿಂದೇ ತಾನೆ?"

"ನಂದೇ ಸಾರ್."

"ನೋಡಿ, ಸುಳ್ಳು ಹೇಳೋಳಲ್ಲ ನಮ್ಮ ಸೋಪಕ್ಕ. ಅಷ್ಟನ್ನೇ ಬರೆದಿದ್ದೀವಿ. ಬಾಟ್ಲಿ ನಿಂದು ಅಂತ ಒಂದು ಕಾಗದ. ಹೆಬ್ಬೆಟ್ಟು ಹಾಕು, ಹೋಗು. ಓದಿ ಹೇಳೋರು ಬೇಕಂತೆ ಕಾನೂನಿಗೆ, ಅದಕ್ಕೆ ಇವಳನ್ನ ಕರೆಸಿದ್ದು. ಓದಮ್ಮ, ಬೇಗ ಬೇಗ."

ನಾನು ಕಾಗದ ಎತ್ತಿಕೊಂಡೆ. ಬಾಗಿಲಾಚೆ ಕುಳ್ಳಿಯೂ ಉಳಿದ ಐವರೂ ಬಂದು ನಿಂತಿದ್ದರು. ನನ್ನ ಓದು ನಿಧಾನ. ಒಂದೊಂದೇ ಅಕ್ಷರ ಕೂಡಿಸಿ ಓದುವವಳು.

"ಈ ಕೆಳಗೆ ಹೆಬ್ಬೆಟ್ಟಿನ ಗುರುತು ಹಾಕಿರುವ ನಾನು, ಮೇಲಿನವರ ಗಮನಕ್ಕೆ ತಾರದೆ, ಸ್ವಂತ ಇಚ್ಛೆಯಿಂದ, ಬಟ್ಟೆ ತೊಳೆಯುವ ನೀರಿಗೆ ಆಮ್ಲವನ್ನು ಬೆರೆಸಿರುತ್ತೇನೆ. ಇದರಿಂದ ಶಿಶುಗಳಿಗೆ ಆಗಿರುವ ಹಾನಿಗೆ ನಾನೊಬ್ಬಳೇ ಹೊಣೆಗಾರಳು. ಸಂಸ್ಥೆಯು ಯಾವ ರೀತಿಯಲ್ಲೂ ಹೊಣೆಯಲ್ಲ."

ಓದಿ ಮುಗಿಸಿ ಕಾಗದವನ್ನು ಮೇಜಿನ ಮೇಲಿಟ್ಟೆ.

"ಹಾನಿ ಅಂದ್ರೆ ಆ ಕೂಸುಗಳ ಬೆನ್ನಾ ತಂಗಿ?" ಎಂದು ಸೋಪಕ್ಕ ಕೇಳಿದಳು.

"ಹೌದಕ್ಕ. ಅದನ್ನ ನೀನೇ ಮಾಡಿದ್ದು ಅಂತ ಬರೆದಿದ್ದಾರೆ."

ನಾನು ಆಸ್ಪತ್ರೆಯವರ ಕಡೆ ತಿರುಗಿದೆ. "ಸಾರ್, ನೀವು ತಂದಿರೋ ಕಟ್ಟಿನ ಚೀಟಿ ನೋಡಿ. ನಾನೇ ಬರೆದದ್ದು. ಮಂಗಳವಾರದ ಬಟ್ಟೆ. ಸೋಮವಾರಾನೇ ಮೇಸ್ತ್ರಿ ಈ ಬಾಟ್ಲಿ ತಗೊಂಡು ಹೋದ್ರು. ಇದು ಇದ್ದಷ್ಟು ದಿನ ಯಾವ ಮಗೂಗೂ ಏನೂ ಆಗಿಲ್ಲ. ಒಂದೇ ನೀರಲ್ಲಿ ತೆಗೀತಾರೆ ಸಾರ್, ಪುಡಿ ಹಾಗೇ ಇರುತ್ತೆ."

ಅವರು ಚೀಟಿ ನೋಡಿದರು. ನೋಡಿದ್ದನ್ನು ನಾನೂ ನೋಡಿದೆ. ಆಮೇಲೆ ಅದನ್ನು ಮಡಚಿ ಜೇಬಿಗೆ ಇಟ್ಟುಕೊಂಡು, "ನನಗೆ ಫೈಲಿಗೆ ಒಂದು ಕಾಗದ ಬೇಕಮ್ಮ, ಅಷ್ಟೆ" ಎಂದರು. "ನಾಳೆ ಮೇಲಿನೋರು ನನ್ನ ಕೇಳ್ತಾರೆ."

ಮಾಲೀಕರು ಸೋಪಕ್ಕನ ಮುಖವನ್ನೇ ನೋಡುತ್ತ ಹೇಳಿದರು. "ನಿನ್ನ ಗಂಡನ ಮೈ ಹೆಂಗಿದೆಯಮ್ಮ ಈಗ? ಪಾಪ, ಅವನನ್ನ ಎತ್ಕೊಂಡು ಎಲ್ಲಿಗಂತ ಹೋಗ್ತೀಯ. ಇದಕ್ಕೆ ಒತ್ತಿದ್ರೆ ಕೋಣೆ ನಿಂದೇ. ಕೆಲಸಾನೂ ನಿಂದೇ. ಇಲ್ಲ ಅಂದ್ರೆ ಇವತ್ತೇ ಖಾಲಿ ಮಾಡ್ಬೇಕಾಗುತ್ತೆ. ನನ್ನ ಕೈಲಿ ಏನಿದೆ ಹೇಳು."

ಸೋಪಕ್ಕ ಹೆಬ್ಬೆರಳು ಮುಂದೆ ಮಾಡಿದಳು.

ನಾನು ಅವಳನ್ನು ತಪ್ಪು ಎನ್ನಲಾರೆ. ಕೂತು ಕತೆ ಕೇಳುವವರಿಗೆ ಆ ಕೈ ಮುಂದೆ ಬರಬಾರದಿತ್ತು ಎನಿಸೀತು. ಎದ್ದು ನಿಲ್ಲಲಾರದ ಗಂಡನಿರುವ ಹೆಂಗಸಿನ ಕೈ ಹಾಗೆಯೇ ಮುಂದೆ ಬರುತ್ತದೆ.

ಮೇಸ್ತ್ರಿ ಮಸಿ ಹಚ್ಚಿ ಒತ್ತಿಸಿದ. ಆಸ್ಪತ್ರೆಯವರು ಬಗ್ಗಿ ನೋಡಿ, "ಇದೇನ್ರೀ, ಬರೀ ಮಸಿ ಚುಕ್ಕೆ. ಗೆರೆ ಎಲ್ಲಿ?" ಎಂದರು. ಮತ್ತೆ ಒತ್ತಿಸಿದರು. ಮತ್ತೆ ಕಪ್ಪು ಚುಕ್ಕೆ. ಕೈ ಕೊಳೆಯಾಗಿರಬೇಕು ಎಂದು ಮೇಸ್ತ್ರಿ ಮಾಲೀಕರ ಬಚ್ಚಲಿನಿಂದ ಪರಿಮಳದ ಸೋಪು ತಂದು ಕೊಟ್ಟ. ಇಷ್ಟು ವರ್ಷದಲ್ಲಿ ಕೈ ತೊಳೆದುಕೊಳ್ಳಲಿ ಎಂದು ಅವಳಿಗೆ ಆ ಲಾಂಡ್ರಿಯಲ್ಲಿ ಸೋಪು ಕೊಟ್ಟದ್ದು ಅದೊಂದೇ ಸಲ. ತೊಳೆದಳು. ಒರೆಸಿದಳು. ಎಡಗೈಯದು ಒತ್ತಿಸಿದರು. ತೋರುಬೆರಳು ಒತ್ತಿಸಿದರು. ಹತ್ತು ಬೆರಳೂ ಆಯಿತು. ಹತ್ತು ಚುಕ್ಕೆ. ಎಲ್ಲಿಯೂ ಗೆರೆಯಿಲ್ಲ.

ಸೋಪಕ್ಕ ತನ್ನ ಬೆರಳ ತುದಿಗಳನ್ನು ಬೆಳಕಿಗೆ ಹಿಡಿದು ನೋಡಿದಳು. ಬಾಗಿಲಲ್ಲಿದ್ದ ಕುಳ್ಳಿಯೂ ತನ್ನದನ್ನು ನೋಡಿಕೊಂಡಳು. ಅವಳ ಪಕ್ಕದವಳೂ. ಒಬ್ಬಳ ಕೈಯನ್ನು ಇನ್ನೊಬ್ಬಳು ಹಿಡಿದು ನೋಡತೊಡಗಿದಳು.

"ನಂದೂ ಹೋಗಿದೆ ಕಣ್ರೇ" ಎಂದಳು ಕುಳ್ಳಿ, ಮೆಲ್ಲಗೆ. "ಕೊಳೆ ಜೊತೆ ನಮ್ಮನ್ನೂ ತೊಳೆದು ಹಾಕಿದೆ ಆ ಪುಡಿ."

ದೇವರು ಪ್ರತಿಯೊಂದು ಕೈಗೂ ಬೇರೆ ಬೇರೆ ಗೆರೆ ಬರೆದು ಕಳಿಸುತ್ತಾನೆ ಎಂದು ನಮ್ಮಮ್ಮ ಹೇಳುತ್ತಿದ್ದಳು. ಎಷ್ಟು ಕೋಟಿ ಜನ, ಒಬ್ಬರದು ಇನ್ನೊಬ್ಬರಿಗಿಲ್ಲ. ಅಷ್ಟು ತಾಳ್ಮೆಯಿಂದ ಬರೆದದ್ದನ್ನು ಹೆಸರಿಲ್ಲದ ಒಂದು ಚೀಲ ಅಳಿಸಿಬಿಟ್ಟಿತ್ತು.

"ಇದು ನಡೆಯಲ್ಲ" ಎಂದರು ಆಸ್ಪತ್ರೆಯವರು. "ಯಾರದು ಅಂತ ಹೇಳೋಕೇ ಆಗಲ್ಲ. ಸಾಕ್ಷಿ ಸಹಿ ಹಾಕಿಸಿ. ಅಕ್ಷರ ಬರೋರದು."

ಎಲ್ಲರೂ ನನ್ನ ಕಡೆ ತಿರುಗಿದರು.

ಮಾಲೀಕರು ಪೆನ್ನು ಚಾಚಿದರು. "ಅವಳ ಒಳ್ಳೇದಕ್ಕೇ ಕೇಳ್ತಿರೋದು. ನೀನು ಸಹಿ ಹಾಕಿದ್ರೆ ಅವಳ ಕೋಣೆ ಉಳಿಯುತ್ತೆ."

ಪೆನ್ನು ನನ್ನ ಕೈಗೆ ಬಂತು. ಸಹಿ ಹಾಕಿದರೆ ಮಾಡದ ಪಾಪ ಅವಳ ತಲೆಗೆ. ಹಾಕದಿದ್ದರೆ ಸಂಜೆಗೆ ಭಾವ ಬೀದಿಗೆ. ನನ್ನ ಕೈ ಸರಿಯಿತ್ತು, ಗೆರೆಯಿತ್ತು, ಅಕ್ಷರವಿತ್ತು. ಯಾವುದೂ ಉಪಯೋಗಕ್ಕೆ ಬರಲಿಲ್ಲ.

"ಹಾಕಿಬಿಡು ತಂಗಿ" ಎಂದಳು ಸೋಪಕ್ಕ. ಅವಳ ದನಿ ನೆಲದಿಂದ ಬಂದ ಹಾಗಿತ್ತು.

ನಾನು ಬಗ್ಗಿದೆ. ಆಗ ಅವಳು ಆಸ್ಪತ್ರೆಯವರನ್ನು ಕೇಳಿದಳು. "ಸಾರ್, ಚರ್ಮ ಎದ್ದಿರೋ ಕೂಸು, ಅದಕ್ಕೀಗ ಏನು ಹಾಸಿದ್ದಾರೆ?"

"ಇದ್ದದ್ದನ್ನೇ. ಸಂಜೆ ಲಾರಿಗೆ ಬೇರೆ ಬರುತ್ತಲ್ಲ."

"ಸಂಜೆ ಲಾರಿದು ಎಷ್ಟು ನೀರು ಮೇಸ್ತ್ರಿ?"

ಮೇಸ್ತ್ರಿ ಮಾಲೀಕರ ಮುಖ ನೋಡಿದ.

"ಈ ಕಾಗದ ಆದಮೇಲೆ ಮೂರು ನೀರು ಬಿಡ್ತೀರಾ ಸಾರ್? ಪುಡಿ ಬದಲಾಯಿಸ್ತೀರಾ?"

"ಪುಡಿ ವಿಚಾರ ನಿನಗ್ಯಾಕಮ್ಮ" ಎಂದರು ಮಾಲೀಕರು. "ಅದು ಬೇರೆ ವಿಚಾರ."

"ಬೇರೆ ಹೆಂಗಾಗುತ್ತೆ ಸಾರ್? ನಾನು ತಪ್ಪು ಒಪ್ಕೊಂಡ ಮೇಲೂ ನಾಳೆ ಇನ್ನೊಂದು ಕೂಸಿನ ಬೆನ್ನು ಸುಡುತ್ತೆ. ಆಗ ಯಾರ ಬೆರಳು ಒತ್ತಿಸ್ತೀರ?"

ಮಾಲೀಕರು ಗಡಿಯಾರ ನೋಡಿದರು.

ಸೋಪಕ್ಕ ನನ್ನ ಕೈಯಿಂದ ಪೆನ್ನು ತೆಗೆದು ಮೇಜಿನ ಮೇಲಿಟ್ಟಳು. "ಬೇಡ ತಂಗಿ. ನಡಿ, ಅವರನ್ನ ಎತ್ತಬೇಕು."

ಖಾಲಿ ಮಾಡಿಸುವ ಕೆಲಸ ಬೇಗ ಆಯಿತು. ಒಂದು ಕೋಣೆಯಲ್ಲಿ ಎಷ್ಟು ಸಾಮಾನಿರುತ್ತದೆ. ಕಾವಲುಗಾರ ಪಾತ್ರೆ, ಹಾಸಿಗೆ ಹೊರಗಿಟ್ಟ. ಹಲಗೆಯ ಮೇಲಿದ್ದದ್ದನ್ನು ಮೇಸ್ತ್ರಿಯೇ ಕೈಯಾರೆ ಸರಿಸಿದ. ಸೋಡಾ ಚೆಲ್ಲಿತು, ನೀಲಿ ಚೆಲ್ಲಿತು. ಸೋಪಕ್ಕ ಅದರ ಕಡೆ ತಿರುಗಿಯೂ ನೋಡಲಿಲ್ಲ. ಮಂಚದ ಕಾಲಿಗೆ ಕೈ ಹಾಕಿದ್ದಳು. ಕಾವಲುಗಾರ ಕೋಣೆಗೆ ಬೀಗ ಜಡಿದು ಬೀಗದಕೈಯನ್ನು ಮೇಸ್ತ್ರಿಗೆ ಕೊಟ್ಟ.

ಭಾವ ಮಲಗಿದ್ದ ಹಾಗೆಯೇ ಮಂಚವನ್ನು ನಾವು ಆರು ಜನ ಎತ್ತಿದೆವು. "ಹುಷಾರು ಕಣ್ರಮ್ಮ, ಇಷ್ಟು ಜನ ಹೆಂಗಸರು ನನ್ನ ಹೊತ್ತಿದ್ದು ಜೀವಮಾನದಲ್ಲಿ ಇದೇ ಮೊದಲು" ಎಂದ ಅವನು. ಯಾರಿಗೂ ನಗು ಬರಲಿಲ್ಲ. ಕುಳ್ಳಿ ಮಾತ್ರ, "ಕೊನೇದೂ ಇದೇ ಆಗಲಿ, ಭಾರ ಇದ್ದೀರಿ" ಎಂದಳು.

ಲಾಂಡ್ರಿಗೆ ಇದ್ದದ್ದು ಒಂದೇ ಗೇಟು. ಬಟ್ಟೆಯೂ ಅದರಲ್ಲೇ, ಜನರೂ ಅದರಲ್ಲೇ. ಅಲ್ಲಿಗೆ ಬರುವಷ್ಟರಲ್ಲಿ ನಮ್ಮ ಕೈ ಸೋತಿತ್ತು. ಅವರ ಬಿರುಕು ಕೈಗಳಲ್ಲಿ ಕಬ್ಬಿಣದ ಪಟ್ಟಿ ಹಿಡಿದು ನಿಲ್ಲುವುದು ಕಷ್ಟ. ಇಬ್ಬರ ಬೆರಳಿಂದ ರಕ್ತ ಬರುತ್ತಿತ್ತು. ಒಂದು ಗಳಿಗೆ ಇಳಿಸೋಣ, ಕೈ ಬದಲಾಯಿಸೋಣ ಎಂದು ಗೇಟಿನಲ್ಲೇ ಮಂಚ ಇಳಿಸಿದೆವು. ಸೋಪಕ್ಕ ಅದರ ತುದಿಯಲ್ಲಿ ಕೂತಳು.

ಹಿಂದಿನಿಂದ ಲಾರಿ ಬಂತು. ಸಂಜೆಯದು, ತುಂಬಿಕೊಂಡು ಹೊರಟಿತ್ತು. ಚಾಲಕ ಹಾರ್ನ್ ಹೊಡೆದ. ಆಮೇಲೆ ಇಳಿದು ಬಂದ.

"ಅಕ್ಕ, ಸ್ವಲ್ಪ ಆ ಕಡೆ ಮಾಡ್ಕೊಳ್ಳಿ. ನನಗೆ ಹೊತ್ತಾಗುತ್ತೆ."

"ಏನಿದೆಯಪ್ಪ ಒಳಗೆ?"

"ಬಟ್ಟೆ. ಇನ್ನೇನಿರುತ್ತೆ."

"ಯಾವ ವಾರ್ಡಿಂದು?"

ಅವನು ಹಿಂದೆ ಹೋಗಿ ಒಂದು ಚೀಟಿ ತಿರುಗಿಸಿ ನೋಡಿದ. "ಹಸುಗೂಸಿಂದು ಮೇಲ್ಗಡೆ ಇದೆ."

"ಎಷ್ಟು ನೀರು ತೋರಿಸಿದ್ದಾರೆ ಅಂತ ಅವರನ್ನ ಕೇಳ್ಕೊಂಡು ಬಾ."

ಚಾಲಕ ಆಫೀಸಿನ ಕಡೆ ನೋಡಿದ. ಮೆಟ್ಟಿಲ ಮೇಲೆ ಮಾಲೀಕರು, ಮೇಸ್ತ್ರಿ, ಆಸ್ಪತ್ರೆಯವರು ನಿಂತಿದ್ದರು. ಮೇಸ್ತ್ರಿ ಸೀಟಿ ಹೊಡೆದ. ಸೋಪಕ್ಕ ಕದಲಲಿಲ್ಲ. ಮತ್ತೆ ಹೊಡೆದ. ಒಳಗೆ ಡ್ರಮ್ಮಿನ ಹತ್ತಿರ ಉಳಿದಿದ್ದವಳೊಬ್ಬಳು ಆ ಸೀಟಿಗೆ ಹೊರಬಂದಳು. ಮೇಸ್ತ್ರಿಯನ್ನು ದಾಟಿ ನಡೆದು, ಸೋಪಕ್ಕನ ಪಕ್ಕ ನೆಲದ ಮೇಲೆ ಕೂತಳು. ಒಳಗೆ ಡ್ರಮ್ಮು ತಿರುಗಿ ತಿರುಗಿ ತಾನಾಗಿಯೇ ನಿಂತಿತು.

"ಪೊಲೀಸರನ್ನ ಕರೀಬೇಕಾಗುತ್ತೆ" ಎಂದರು ಮಾಲೀಕರು. ಅವರ ದನಿ ಆಗಲೂ ಏರಲಿಲ್ಲ.

"ಕರೀರಿ ಸಾರ್" ಎಂದ ಭಾವ ಮಲಗಿದ್ದಲ್ಲಿಂದಲೇ. "ನಾನೆಲ್ಲೂ ಓಡಿಹೋಗಲ್ಲ."

ಚಾಲಕ ಇಂಜಿನ್ ಆರಿಸಿದ. ಗೇಟಿನಾಚೆ ರಸ್ತೆಯಿತ್ತು, ಆ ರಸ್ತೆಯಲ್ಲಿ ನಮಗಾಗಿ ಕಾದ ಬಾಗಿಲು ಒಂದೂ ಇರಲಿಲ್ಲ. ಈಚೆ ಇದ್ದ ಬಾಗಿಲಿಗೆ ಬೀಗ ಬಿದ್ದಿತ್ತು. ಮಂಚದ ಒಂದು ಕಾಲು ಕುಳಿಗೆ ಇಳಿದು ಭಾವ ಒಂದು ಬದಿಗೆ ವಾಲಿದ್ದ. ಪಕ್ಕದಲ್ಲಿ ಲಾರಿ ಕಷ್ಟಪಟ್ಟು ನುಸುಳಬಹುದಾದಷ್ಟು ಜಾಗ ಇತ್ತು. ನಾನೂ ಕುಳ್ಳಿಯೂ ಎದ್ದೆವು, ಉಳಿದವರೂ ಕೈ ಕೊಟ್ಟರು. ಮಂಚವನ್ನು ಎತ್ತಿ ಗೇಟಿಗೆ ಸರಿಯಾಗಿ ನಡುವೆ ಇಟ್ಟೆವು.